ಗಡ್‌ಬಡ್ ತಿನ್ನಲು ಹೋದ ಶನಿವಾರ

ಹಿಂದಿನಿಂದ ಬಂದ ಬೈಕು ಮುಂದೆ ಹೋಗದೆ ನಿಧಾನವಾದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಮೊದಲು ಹೀಗಿರಲಿಲ್ಲ. ಊರಿಡೀ ನನ್ನನ್ನು ಬಾಯಿಬಡುಕಿ ಎನ್ನುತ್ತಿತ್ತು, ಆ ಬಾಯಿಯ ದೆಸೆಯಿಂದಲೇ ಆ ಕೆಲಸ ನನ್ನ ತಲೆಗೆ ಬಿತ್ತು.

ಮೂಡುಬಿದಿರೆಯಲ್ಲಿ ನಮ್ಮದು ಆಸ್ಪತ್ರೆಗಳ ಬಿಲ್ಲು ಪರಿಶೀಲಿಸುವ ಸಣ್ಣ ಕಂಪನಿ. ಕೊರೊನಾ ಕಾಲಕ್ಕೆ ಮನೆ ಸೇರಿದವರು ಮತ್ತೆ ಆಫೀಸಿಗೆ ಬರಲು ಮನಸ್ಸು ಮಾಡಲಿಲ್ಲ. ಮ್ಯಾನೇಜರು ನನ್ನನ್ನು ಕರೆದು, "ಎಲ್ಲರೂ ಬರ್ಬೇಕು ಅಂತ ಆರ್ಡರ್ ಆಗಿದೆ ಮೇಡಂ. ಬಂದವರು ಖುಷಿಯಲ್ಲಿ ಒಟ್ಟಿಗೆ ಇರ್ಬೇಕು. ಅದು ನಿಮ್ಮ ಜವಾಬ್ದಾರಿ" ಎಂದರು. ನಗಿಸಲಿಕ್ಕೆ ನಾನೇನು ಸರ್ಕಸ್ಸಿನವಳೇ? ಆದರೂ ಒಪ್ಪಿಕೊಂಡೆ.

ಎಲ್ಲರೂ ಬಂದರು, ಒಬ್ಬಳು ಉಳಿದಳು. ಮಡಂತ್ಯಾರಿನ ಬ್ಯಾರಿ ಮುಸ್ಲಿಂ ಹುಡುಗಿ, ಕೆಲಸದಲ್ಲಿ ಬೆಂಕಿ. ಬಾರದಿದ್ದರೆ ಕೆಲಸ ಹೋಗುತ್ತದೆ. ತಂದೆ ಸೌದಿಯಲ್ಲಿದ್ದರು. ನಾನೇ ಅವಳ ಮನೆಗೆ ಹೋದೆ. ಅವಳ ತಾಯಿ ಚಹಾ ಕೊಟ್ಟು, "ನಿಮ್ಮನ್ನು ನಂಬಿ ಕಳಿಸ್ತೇನೆ ಅಕ್ಕಾ. ಹೊರಗೆ ಏನಾದ್ರೂ ಮಾತು ಬಂದ್ರೆ ಇವಳ ಅಪ್ಪ ಮತ್ತೆ ಬಿಡುದಿಲ್ಲ" ಎಂದರು.

"ನಾನಿಲ್ವಾ? ನೀವು ಹೆದರ್ಬೇಡಿ ಮಾರಾಯ್ರೆ" ಎಂದೆ. ನೋಡಿ ನನ್ನ ಬಾಯಿ!

ಮೊದಲ ದಿನಗಳಲ್ಲಿ ಆಫೀಸಿನಲ್ಲಿ ಸ್ಮಶಾನ ಮೌನ. ಪಕ್ಕದ ಕುರ್ಚಿಯವನಿಗೂ ಫೋನಿನಲ್ಲೇ ಮೆಸೇಜು ಹಾಕುವವರು. ನಾನು ಎಲ್ಲರನ್ನೂ ಬೈದು ಬೈದು ಊಟಕ್ಕೆ ಒಂದೇ ಮೇಜಿಗೆ ಎಳೆದೆ. ಆ ಹುಡುಗಿ ತಂದ ಅಕ್ಕಿರೊಟ್ಟಿ ಪತ್ತಿರಿಗೆ ಹುಡುಗರು ಕೈ ಹಾಕತೊಡಗಿದ ಮೇಲೆ ಮಾತು, ತಮಾಷೆ, ಕಾಲೆಳೆಯುವುದು ಎಲ್ಲ ತಾನಾಗಿ ಶುರುವಾಯಿತು. ನನಗೆ ಹೆಮ್ಮೆ ಉಕ್ಕಿತು. ಒಂದು ಶನಿವಾರ ಮಧ್ಯಾಹ್ನ ವ್ಯಾನು ಮಾಡಿಸಿ, ಗುರುವಾಯನಕೆರೆಗೆ ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನುವ, ಹಾಗೆಯೇ ಹುಡುಗಿಯನ್ನು ಮಡಂತ್ಯಾರಿನಲ್ಲಿ ಇಳಿಸಿ ಬರುವ ಎಂದು ಹೊರಡಿಸಿದೆ.

ಐಸ್‌ಕ್ರೀಮ್ ಅಂಗಡಿಯಲ್ಲಿ ನಮ್ಮವರ ನಗು ಬೀದಿಗೆ ಕೇಳುತ್ತಿತ್ತು. ಎದುರಿನ ಅಂಗಡಿಯ ಬಳಿ ನಿಂತವರು ನೋಡುತ್ತಿದ್ದುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವ್ಯಾನು ಹೊರಟ ಸ್ವಲ್ಪ ಹೊತ್ತಿಗೆ ಡ್ರೈವರ್ ಕನ್ನಡಿ ನೋಡಿ, "ಅಕ್ಕಾ, ಎರಡು ಬೈಕು ನಮ್ಮ ಹಿಂದೆಯೇ ಉಂಟು" ಎಂದ. ಒಳಗಿದ್ದ ನಗು ಅಲ್ಲಿಗೇ ನಿಂತಿತು. ಬೇರೆ ಬೇರೆ ಧರ್ಮದ ಹುಡುಗರು ಹುಡುಗಿಯರು ಒಂದೇ ವ್ಯಾನಿನಲ್ಲಿ. ಏನಾಗಬಹುದೆಂದು ನಮ್ಮ ಕಡೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ತಿರುವಿನಲ್ಲಿ ಬೈಕುಗಳು ಮುಂದೆ ಬಂದು ಅಡ್ಡ ನಿಂತವು. ಒಬ್ಬ ಬಾಗಿಲು ಎಳೆದು, ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತ, "ಯಾರೆಲ್ಲ ಇದ್ದೀರಿ? ಒಬ್ಬೊಬ್ಬರೇ ಹೆಸರು ಹೇಳಿ" ಎಂದ. ಯಾರ ಕಡೆಯವನೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗಿ ನನ್ನ ಕೈ ಹಿಡಿದಿದ್ದಳು, ಅವಳ ಉಗುರು ನನ್ನ ಚರ್ಮಕ್ಕೆ ನಾಟಿತ್ತು. ಹೇಗೋ ಕೆಳಗಿಳಿದೆ.

"ಆಫೀಸಿನವರು. ನಾನು ಇವರ ಮೇಡಂ" ಎಂದೆ. ಸ್ವರ ನನ್ನದೇ ಅಲ್ಲ ಎನಿಸಿತು.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮ ಪ್ರಾಯಕ್ಕೆ ಮರ್ಯಾದೆ ಕೊಟ್ಟು ಬಿಡ್ತೇವೆ. ಕೆಲಸ ಇದ್ರೆ ಕೆಲಸ ಮಾಡ್ಲಿ. ಒಟ್ಟಿಗೆ ಕೂತು ತಿನ್ನುದು, ತಿರುಗುದು, ಇದೆಲ್ಲ ಬೇಡ" ಎಂದ. ಬೈಕುಗಳು ಹೋದ ಮೇಲೆ ನಾನು ವ್ಯಾನು ಹತ್ತಿ ಬಾಗಿಲು ಎಳೆದುಕೊಂಡೆ.

ಮಡಂತ್ಯಾರಿನಲ್ಲಿ ಇಳಿಯುವಾಗ ಹುಡುಗಿ, "ನೀವು ಫೋನ್ ಮಾಡ್ಬೇಡಿ ಮೇಡಂ. ಮನೆಯಲ್ಲಿ ನಾನೇ ಹೇಳ್ತೇನೆ" ಎಂದಳು. ಭಾನುವಾರವಿಡೀ ಫೋನು ನೋಡುತ್ತ ಕೂತೆ. ಆ ವಿಡಿಯೋ ಯಾವ ಗ್ರೂಪಿನಲ್ಲಿ ಬರುತ್ತದೋ, ಸೌದಿಯಲ್ಲಿರುವ ಅಪ್ಪನಿಗೆ ಯಾರು ಕಳಿಸುತ್ತಾರೋ ಎಂದು ಮತ್ತೆ ಮತ್ತೆ ಗ್ರೂಪುಗಳನ್ನು ತೆರೆದೆ. ಊಟ ಸೇರಲಿಲ್ಲ. ಇನ್ನು ಅವಳು ಬರುವುದಿಲ್ಲ, ಅವಳ ಕೆಲಸ ಹೋಯಿತು, ನಾನೇ ಕಳೆದೆ ಎಂದುಕೊಂಡೆ.

ಸೋಮವಾರ ಅವಳು ಬಂದಳು! ನೇರ ನನ್ನ ಮೇಜಿನ ಬಳಿಗೇ ಬಂದು ನಿಂತಳು. "ಉಮ್ಮನಿಗೆ ಎಲ್ಲ ಹೇಳಿದೆ ಮೇಡಂ. ತುಂಬಾ ಅತ್ತರು. ಮತ್ತೆ, ನಿನ್ನ ಮೇಡಂ ಇಳಿದು ನಿಂತ್ರಲ್ಲ, ಹೋಗು ಅಂದ್ರು." ಮೆಲ್ಲಗೆ ನಕ್ಕು ಕೇಳಿದಳು, "ಮುಂದಿನ ಸಲ ಎಲ್ಲಿಗೆ ಹೋಗುವ?"

ಹೊರಗೆ ರಸ್ತೆಯಲ್ಲಿ ಯಾವುದೋ ಬೈಕಿನ ಸದ್ದು. "ಎಲ್ಲಿಗೂ ಇಲ್ಲ ಮಗಾ" ಎಂದೆ. "ಊಟ ಸಹ ಇನ್ನು ನಿನ್ನ ಟೇಬಲಿನಲ್ಲೇ ಮಾಡು. ಬಾ, ಕೆಲಸ ಮಾಡು, ಹೋಗು. ಒಟ್ಟಿಗೆ ಕೂರುದೆಲ್ಲ ಬೇಡ."

ಅವಳ ಮುಖದ ನಗು ಇಳಿಯಿತು.

"ಅವರು ಹೇಳಿದ್ದೂ ಇದೇ ಅಲ್ವಾ ಮೇಡಂ?" ಎಂದು ಕೇಳಿ, ತನ್ನ ಕುರ್ಚಿಗೆ ಹೋಗಿ ಕಂಪ್ಯೂಟರ್ ಹಾಕಿದಳು.