ನಾಲ್ಕು ಗಂಟೆಗೆ ಒಬ್ಬ ಎದುರಾಳಿ ಬೇಕು

ಎಪ್ಪತ್ತು ದಾಟಿದ ನಾನು ಒಂದು ಕಂಪ್ಯೂಟರ್ ಗೇಮ್ ಶಿಫಾರಸು ಮಾಡಲು ಕೂತಿದ್ದೇನೆ, ಅದೂ ಹೊಡೆದಾಟದ ಗೇಮ್. ಕಾನ್ವೆಂಟಿನಲ್ಲಿ ನನಗೆ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್‌ಗಳು ಇದನ್ನು ನೋಡಿದ್ದರೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಮಾಡಿಕೊಳ್ಳಲಿ. ನನಗೆ ಬೇರೆ ದಾರಿ ಉಳಿದಿಲ್ಲ.

ನನ್ನ ಯಜಮಾನರಿಗೆ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಅಕ್ಕಲಕೋಟ ಕಡೆಯ ಒಕ್ಕಲುತನದ ಮನೆಯವರು, ಪ್ರಾಯದಲ್ಲಿ ತಾಲೀಮಿನ, ಎಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲಿ ಹೊರಳಿ ಬೆಳೆದ ಪೈಲವಾನರು. ಸೊಲ್ಲಾಪುರದ ವ್ಯಾಪಾರಸ್ಥರ ಮಗಳಾದ ನಾನು ಮದುವೆಯಾದ ಹೊಸದರಲ್ಲಿ ಅವರ ಮುರಿದು ಮುದ್ದೆಯಾದ ಕಿವಿ ನೋಡಿ ಹೆದರಿದ್ದೆ. ಈಗ ಅವರ ಬಲಗೈ ನೋಡಿ ಹೆದರುತ್ತೇನೆ. ಚಿಕಿತ್ಸೆಗೆಂದು ಇಬ್ಬರೂ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಮಗನ ಮನೆಗೆ ಬಂದೆವು. ಸುತ್ತಲೂ ದಿನವಿಡೀ ಟವೆಲ್ ಮಗ್ಗಗಳ ಸದ್ದು. ಮೊದಲ ಆರು ತಿಂಗಳು ಬಹಳ ಮುಖ್ಯ, ಬೆರಳು ಆಡಿಸುತ್ತಲೇ ಇರಬೇಕು, ಇಲ್ಲವಾದರೆ ಕೈ ಹೀಗೇ ಉಳಿದುಬಿಡಬಹುದು ಎಂದು ಫಿಸಿಯೋಥೆರಪಿಸ್ಟ್ ಹೇಳಿದಳು. ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಳು. ಇವರು ಅವಳೆದುರೇ ಅದನ್ನು ಎಡಗೈಯಿಂದ ಬಾಗಿಲಾಚೆ ಎಸೆದರು.

"ತೊಟ್ಟಿಲ ಕೂಸಿಗಿ ಕೊಡ್ರಿ ಇದನ್ನ."

ಮಾತು ಅಷ್ಟಿಷ್ಟು ತೊದಲುತ್ತಿತ್ತು, ಆದರೆ ನಾಲಿಗೆಯ ಹರಿತ ಹೋಗಿರಲಿಲ್ಲ.

ಹತ್ತನೆಯ ಇಯತ್ತೆ ಓದುತ್ತಿರುವ ಮೊಮ್ಮಗಳು ಒಂದು ದಿನ ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟಳು. ಮುಖವಿಲ್ಲದ ಎರಡು ಗೊಂಬೆಗಳು ಎದುರುಬದುರು ನಿಂತಿದ್ದವು. ಭುಜ, ಮೊಣಕೈ, ಸೊಂಟ, ಮೊಣಕಾಲು, ಒಂದೊಂದು ಕೀಲಿಗೂ ನಾವೇ ಹೇಳಬೇಕು: ಮಡಚು, ಚಾಚು, ಬಿಗಿ ಹಿಡಿ, ಸಡಿಲ ಬಿಡು. ಹೇಳಿ ಮುಗಿಸಿ ಸ್ಪೇಸ್ ಬಾರ್ ಒತ್ತಿದರೆ ಎರಡೂ ಗೊಂಬೆಗಳು ಒಂದು ಕ್ಷಣ ಚಲಿಸಿ ಮತ್ತೆ ಕಲ್ಲಾಗಿ ನಿಲ್ಲುತ್ತವೆ. ಆಮೇಲೆ ಮತ್ತೆ ಯೋಚಿಸಬಹುದು. ಉಳಿದದ್ದೆಲ್ಲ ಫಿಸಿಕ್ಸ್. ಭಾರ ಯಾವ ಕಡೆ ವಾಲಿದರೆ ಆ ಕಡೆಗೇ ಮೈ ಬೀಳುತ್ತದೆ, ಯಾವ ಮಂತ್ರವೂ ಎತ್ತಿ ನಿಲ್ಲಿಸುವುದಿಲ್ಲ. ಒಮ್ಮೊಮ್ಮೆ ಗೊಂಬೆಯ ಕೈ ಕಿತ್ತು ರಕ್ತ ಹಾರುತ್ತಿತ್ತು. ರಕ್ತವನ್ನು ಮೊಮ್ಮಗಳು ಸೆಟ್ಟಿಂಗ್ಸಿನಲ್ಲಿ ಬಂದ್ ಮಾಡಿದಳು.

"ಅಜ್ಜಾ, ಇದ್ರಾಗ ಗಡಿಬಿಡಿ ಇಲ್ಲ. ನೀ ವಿಚಾರ ಮಾಡೂತನಾ ಅಂವ ಸುಮ್ನ ನಿಂತಿರ್ತಾನ."

"ಹಂಗಾರ ಅಂವ ನಿಮ್ಮ ಅಜ್ಜಿಗಿಂತ ಚಲೋ ಮನಷ್ಯಾ."

ಅವಳು ಒಂದು ಗೊಂಬೆಯ ಬಲಭುಜವನ್ನು ಸಡಿಲ ಬಿಟ್ಟು ತೋರಿಸಿದಳು. ತೋಳು ಜೋತುಬಿದ್ದು ತೂಗಾಡಿತು. ಇವರು ಬಹಳ ಹೊತ್ತು ಅದನ್ನೇ ನೋಡಿದರು. "ಏ ಮೇಡಮ್, ಬಾ ಇಲ್ಲಿ," ಎಂದು ನನ್ನನ್ನು ಕರೆದರು. "ನನ್ನ ಕೈ ನೋಡ."

ಅಂದಿನಿಂದ ಒಂದು ರೂಲ್ ಮಾಡಿದೆ: ಕೀಲುಗಳನ್ನು ಎಡಗೈಯಿಂದ ಆರಿಸಿಕೊಳ್ಳಲಿ, ಸ್ಪೇಸ್ ಬಾರ್ ಮಾತ್ರ ಬಲಗೈಯಿಂದಲೇ ಒತ್ತಬೇಕು. ಮೊದಲ ವಾರ ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ಹಲಗೆಯಂತೆ ಅದರ ಮೇಲೆ ಬೀಳಿಸುತ್ತಿದ್ದರು. ಮೂರನೆಯ ವಾರ ತೋರುಬೆರಳು ತಾನಾಗಿಯೇ ಬಾಗಿತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವರು ಆಡುತ್ತಿದ್ದುದು ಗುರುತಿಲ್ಲದವರ ಜೊತೆ, ಇಂಟರ್ನೆಟ್ಟಿನಲ್ಲಿ. ಆದರೆ ಗೇಮ್ ಹಳೆಯದು, ಆಡುವವರು ಬೆರಳೆಣಿಕೆಯಷ್ಟು. ಅವರಲ್ಲೂ ಹೆಚ್ಚಿನವರು ನಮ್ಮ ಮಧ್ಯಾಹ್ನದ ಹೊತ್ತಿಗೆ ನಿದ್ದೆ ಮಾಡುವ ದೇಶದವರು. ಇವರಿಗೆ ಮೈಯಲ್ಲಿ ಕಸುವಿರುವುದು ನಾಲ್ಕರಿಂದ ಐದರವರೆಗೆ ಮಾತ್ರ. ಬರಬರುತ್ತ ನಾಲ್ಕು ಗಂಟೆಗೆ, ಗೇಮಿನೊಳಗೆ ಎದುರಾಳಿಗಳು ಬಂದು ಸೇರುವ ರೂಮ್ ಖಾಲಿ ಇರತೊಡಗಿತು.

"ಕಂಪ್ಯೂಟರ್ ಜೋಡಿನೇ ಆಡ್ರಿ," ಎಂದೆ.

"ಡಬ್ಬಿ ಜೋಡಿ ಕುಸ್ತಿ ಹಿಡ್ಯಾಕ ನನಗೇನ ಹುಚ್ಚ ಹಿಡದದೇನು?"

"ನನ್ನ ಜೋಡಿ ಆಡೋ ಅಜ್ಜಾ," ಎಂದಳು ಮೊಮ್ಮಗಳು.

"ಒಂದ ತಾಲೀಮಿನಾವರು ಖರೇ ಕುಸ್ತಿ ಹಿಡಿಯಂಗಿಲ್ಲವ್ವಾ. ಹಿಡದ್ರ ಅದು ನುರಾ ಕುಸ್ತಿ."

ನುರಾ ಕುಸ್ತಿ ಎಂದರೆ ಯಾರು ಬೀಳಬೇಕೆಂದು ಮೊದಲೇ ಮಾತಾಡಿಕೊಂಡು, ನೋಡುವವರ ಕಣ್ಣಿಗೆ ಮಣ್ಣೆರಚುವ ಕುಸ್ತಿ. ಹಾಗೆ ಹಿಡಿದವನೆಂದು ತಿಳಿದರೆ ಸುತ್ತಿನ ಯಾವ ಊರಿನವರೂ ಮತ್ತೆ ಕಣಕ್ಕೆ ಕರೆಯುತ್ತಿರಲಿಲ್ಲವಂತೆ. ಇದನ್ನು ಮದುವೆಯಾದಂದಿನಿಂದ ಕೇಳಿದ್ದೇನೆ. ಕೇಳಿಯೂ ಮೂರ್ಖಳಂತೆ ನಡೆದುಕೊಂಡೆ.

ನಾಲ್ಕು ದಿನ ಯಾರೂ ಬರಲಿಲ್ಲ. ಬೆರಳು ಮತ್ತೆ ಮರಗಟ್ಟುತ್ತಿದೆ ಎನಿಸಿತು. ಐದನೆಯ ದಿನ ಮಗನ ಹಳೆಯ ಕಂಪ್ಯೂಟರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು, ಕೊಲ್ಹಾಪುರದ ಪೈಲವಾನ ಎಂದು ಹೆಸರು ಹಾಕಿಕೊಂಡು ನಾನೇ ಆ ರೂಮಿನೊಳಗೆ ಹೋದೆ. ಸೋತೆ. ಬೇಕೆಂದೇ ಸೋತೆ. ಹೊರಕೋಣೆಯಿಂದ ಅವರ ನಗು ಕೇಳಿಸಿತು, ಎಷ್ಟೋ ತಿಂಗಳ ಮೇಲೆ. ಎರಡನೆಯ ಸಲವೂ ಸೋತೆ, ಮೂರನೆಯ ಸಲವೂ. ಅವರನ್ನು ಗೆಲ್ಲಿಸಿದಷ್ಟೂ ಕೈ ಜೀವ ಹಿಡಿಯುತ್ತದೆ ಎಂದುಕೊಂಡೆ. ಗಾಡ್ ಫರ್ಗಿವ್ ಮಿ.

ನಾಲ್ಕನೆಯ ಆಟಕ್ಕೆ ನಗು ನಿಂತಿತು.

"ಏ ಕೊಲ್ಹಾಪುರದ ಪೈಲವಾನ! ಅಡಗಿ ಮನ್ಯಾಗಿಂದ ಹೊರಗ ಬಾ."

ಸೆರಗು ಸರಿಮಾಡಿಕೊಳ್ಳುತ್ತ ಹೋಗಿ ನಿಂತೆ.

"ಮೊದಲನೇ ಪಟ್ಟಿಗೇ ಮೊಣಕಾಲ ಸಡ್ಲ ಬಿಡಾಂವ ಯಾವ ಊರ ಪೈಲವಾನ? ಜನ್ಮದಾಗ ಒಂದೂ ನುರಾ ಕುಸ್ತಿ ಹಿಡದಿದ್ದಿಲ್ಲ ನಾ. ಈ ವಯಸ್ಸಿನ್ಯಾಗ ನೀ ಹಿಡಿಸಿದಿ."

"ನಿಮ್ಮ ಕೈ ಸಲುವಾಗಿ ಮಾಡೀನ್ರಿ..."

"ಕೈ ಸತ್ತದ. ನಾ ಸತ್ತಿಲ್ಲ."

ಬಲಗೈಯನ್ನು ಎಡಗೈಯಿಂದ ಎತ್ತಿ ಚಾದರದೊಳಗೆ ಇಟ್ಟುಕೊಂಡರು. ಇಂದಿಗೆ ಹನ್ನೊಂದು ದಿನವಾಯಿತು, ಅದು ಹೊರಗೆ ಬಂದಿಲ್ಲ. ಕ್ಷಮೆ ಕೇಳಿದೆ, ಸಿಟ್ಟು ಮಾಡಿದೆ, ಊಟ ಬಿಟ್ಟು ಕೂತೆ. "ಉಣ್ಣ ಹೋಗ್ರಿ ಮೇಡಮ್," ಎಂದರು, ಬಹುವಚನದಲ್ಲಿ. ಇಷ್ಟು ವರ್ಷಗಳ ಸಂಸಾರದಲ್ಲಿ ನನಗೆ ಅವರು ಬಹುವಚನ ಹಚ್ಚಿದ್ದು ಅದೇ ಮೊದಲು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆರು ತಿಂಗಳಲ್ಲಿ ಇನ್ನು ಉಳಿದಿರುವುದು ಒಂದೂವರೆ.

ಆದರೂ ದಿನಾ ನಾಲ್ಕಕ್ಕೆ ಲ್ಯಾಪ್‌ಟಾಪ್ ತೆರೆದು ಅವರ ಮುಂದಿಡುತ್ತೇನೆ. ನಿನ್ನೆ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು:

"ಯಾರರೆ ಬಂದಾರೇನು?"

"ಇಲ್ಲರಿ."

"ಹೂಂ."

ಅವರು ಹಾಗೆ ಕೇಳಿದ್ದಕ್ಕೇ ಇದನ್ನು ಬರೆಯುವ ಧೈರ್ಯ ಬಂದದ್ದು. ಗೇಮ್ ಪುಕ್ಕಟೆ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರ ಹೆಸರು ಇಲ್ಲಿ ಹಾಕಿದರೆ ಜಾಹೀರಾತಿನಂತೆ ಕಾಣುತ್ತದೆ; ನನ್ನನ್ನು ಬಲ್ಲವರು ಕೇಳಿದರೆ ಹೇಳುತ್ತೇನೆ, ಅವರು ಇನ್ನೊಬ್ಬರಿಗೆ ಹೇಳಲಿ. ಕಲಿಯಲು ಒಂದು ವಾರ ಬೇಕು. ಮೊದಮೊದಲು ನಿಮ್ಮ ಗೊಂಬೆ ಕುಡುಕನಂತೆ ಬೀಳುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಅವಸರವೇ ಇಲ್ಲದ ಹೊಡೆದಾಟ ನಾನು ಬೇರೆಲ್ಲೂ ನೋಡಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಬನ್ನಿ, ಪ್ಲೀಸ್. ಆದರೆ ಮುದುಕನೆಂದು, ಕಾಯಿಲೆಯವನೆಂದು ಕನಿಕರ ತೋರಿಸಬೇಡಿ. ಅವರಿಗೆ ಒಂದೇ ಪಟ್ಟಿನಲ್ಲಿ ಗೊತ್ತಾಗುತ್ತದೆ. ನಿಮ್ಮ ಕೈಲಾದರೆ ಅವರನ್ನು ಕೆಡವಿ.