ಖಾಲಿ ಟ್ಯಾಂಕಿಗೆ ಹೆದರುವ ಕಿಟ್ಟಣ್ಣ

ಕಿಟ್ಟಣ್ಣನೆಂದರೆ ಪುಕ್ಕಲ ಎಂದು ರಬಾಳೆಯ ಹೋಟೆಲಿನವರೆಲ್ಲ ನಗುವುದುಂಟು. ಮೂವತ್ತು ವರ್ಷದಿಂದ ಜನರೇಟರ್ ರಿಪೇರಿ ಮಾಡುವ ಮನುಷ್ಯ. ಆದರೂ ಸ್ಪ್ಯಾನರು ಕೈಗೆತ್ತಿಕೊಳ್ಳುವ ಮೊದಲು, ಬೀಡಿ ಸೇದುವವರು ಯಾರಾದರೂ ಇದ್ದಾರೆಯೇ ಎಂದು ಗಲ್ಲಿಯ ಎರಡೂ ತುದಿ ನೋಡಿ ಬರುತ್ತಾನೆ. ಎಡಗೈಯ ಚರ್ಮ ಮೊಣಕೈವರೆಗೆ ಹಾಲಿನ ಕೆನೆಯಂತೆ ಮುದುರಿದೆ. ಆ ಕೈಯನ್ನು ಅಪರ್ಣಾ ಹತ್ತಿರದಿಂದ ಕಂಡದ್ದು ಒಂದು ಗುರುವಾರ ಮಧ್ಯಾಹ್ನ.

ಅವಳ ಗಂಡ ಸಂದೇಶನ ಪುಟ್ಟ ಹೋಟೆಲಿನ ಹಿಂದೆ, ಗೋಡೆಗೆ ಒತ್ತಿಕೊಂಡೇ ಡೀಸೆಲ್ ಜನರೇಟರ್ ಇತ್ತು. ಗೋಡೆಯ ಈಚೆ ಅಡುಗೆಮನೆ. ಅದರ ಮೂಲೆಯ ಸಾಮಾನಿನ ಕೋಣೆಯಲ್ಲಿ ಸೀರೆಯ ತೊಟ್ಟಿಲು, ಅದರೊಳಗೆ ಎಂಟು ತಿಂಗಳ ಪ್ರಣೀತಾ. ಜನರೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಬುಡದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು ತಿಂಗಳಾಗಿತ್ತು. ಸಂದೇಶ ಮೊದಲು ಬಟ್ಟೆ ಸೋಪು ಉಜ್ಜಿದ. ಆಮೇಲೆ ಎರಡು ಬಣ್ಣದ ಪುಟ್ಟಿ ಕಲಸಿ ಮೆತ್ತಿದ. ಅದು ಒಣಗಿ ಹಪ್ಪಳದ ಹಾಗೆ ಕಳಚಿಬಿತ್ತು. ಈಗ ಕೆಳಗಿಟ್ಟ ಬೋಗುಣಿಗೆ ಹನಿ ಬೀಳುವುದು ರಾತ್ರಿ ಹಗಲು ನಿಲ್ಲುತ್ತಿರಲಿಲ್ಲ. ಮಗುವಿನ ನೆತ್ತಿ ಮೂಸಿದರೆ ಕೊಬ್ಬರಿ ಎಣ್ಣೆಯಲ್ಲ, ಡೀಸೆಲ್! ಇತ್ತ ಶುಕ್ರವಾರ ಇಡೀ ದಿನ ಕರೆಂಟು ಇಲ್ಲವೆಂದು ಮೆಸೇಜು ಬೇರೆ ಬಂದಿತ್ತು.

ಕಿಟ್ಟಣ್ಣ ಬರುವಷ್ಟರಲ್ಲಿ ಸಂದೇಶ ಟ್ಯಾಂಕು ಬಿಚ್ಚಿ, ಡೀಸೆಲನ್ನು ಕ್ಯಾನಿಗೆ ಸುರಿದು, ಪಾತ್ರೆ ತಿಕ್ಕುವ ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಅಡುಗೆಮನೆಯ ಹಿಂಬಾಗಿಲ ಬಿಸಿಲಿಗೆ ಕವುಚಿದ್ದ. ಬಿರುಕನ್ನು ಕರಗಿಸಿ ಬೆಸೆಯಲು ಸೋಲ್ಡರ್ ಕಡ್ಡಿಯನ್ನು ಪ್ಲಗ್ಗಿಗೆ ಹಾಕಿಯೂ ಆಗಿತ್ತು.

“ನೋಡಿ ಕಿಟ್ಟಣ್ಣ, ಪಾಯಸ ಹಾಕಿ ಬಡಿಸಬಹುದು. ಪೂರಾ ಖಾಲಿ. ಇನ್ನು ನಿಮಗೆಂತ ಹೆದರಿಕೆ?”

ಕಿಟ್ಟಣ್ಣ ಕಡ್ಡಿಯ ಪ್ಲಗ್ಗು ಕಿತ್ತ. “ಖಾಲಿ ಆದದ್ದಕ್ಕೇ ಹೆದರಿಕೆ ಮಾರಾಯ. ಮೊದಲು ಒಳಗೆ ಗ್ಯಾಸು ಬಂದ್ ಮಾಡು.”

“ಹನ್ನೆರಡೂವರೆಗಾ? ಊಟದ ಹೊತ್ತಿಗೆ ಒಲೆ ಆರಿಸಿದ ಹೋಟೆಲು ಎಲ್ಲಾದರೂ ಉಂಟಾ? ನೀವೊಬ್ಬರು ಹೆದರಿದ್ದಕ್ಕೆ ಇಡೀ ರಬಾಳೆ ಉಪವಾಸ ಕೂರಬೇಕಾ?”

ಕಿಟ್ಟಣ್ಣ ಬಿರುಕಿಗೆ ಟೇಪು ಸುತ್ತಿ, ಮುಚ್ಚಳ ಬಿಗಿದು, ಟ್ಯಾಂಕನ್ನು ಬಿಸಿಲಿನಲ್ಲೇ ಇಟ್ಟ. “ಅರ್ಧ ಗಂಟೆ ಬಿಡು. ಮತ್ತೆ ನೀನೇ ಮೂಸಿ ನೋಡು.”

ಅಪರ್ಣಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ನಿಂತಳು. ಒಳಗೆ ಐದೂ ಒಲೆಗಳು ಭುಸುಗುಡುತ್ತಿದ್ದವು. ದಿನಾ ಕೇಳುವ ಸದ್ದೇ; ಇವತ್ತು ಅದು ಹಾವಿನದೆನಿಸಿತು. ಅವಳ ಕಣ್ಣು ತನ್ನ ಎಡಗೈಯ ಮೇಲೆ ಬಿದ್ದದ್ದು ನೋಡಿ ಕಿಟ್ಟಣ್ಣ ಅಂಗಿಯ ತೋಳು ಇಳಿಸಿಕೊಂಡ.

“ನೌಪಾಡಾದಲ್ಲಿ ಆದದ್ದು, ತಂಗಿ. ನಾನೂ ನನ್ನ ಜೊತೆ ಕೆಲಸಕ್ಕಿದ್ದ ದಯಾನಂದನೂ. ಹೀಗೇ ತೊಳೆದಿದ್ದೆವು, ಹೀಗೇ ನಗಾಡಿದ್ದೆವು. ಪ್ಲಾಸ್ಟಿಕ್ಕು ಡೀಸೆಲ್ ಕುಡಿದಿರ್ತದೆ. ಬಿಸಿ ತಾಗಿದರೆ ಹಬೆ ಬಿಡ್ತದೆ. ಖಾಲಿ ಟ್ಯಾಂಕಿನಲ್ಲಿ ಹಬೆಗೆ ಬೇಕಾದಷ್ಟು ಜಾಗ. ಶಬ್ದ ಒಂದು ಕೇಳಿತು, ಅಷ್ಟೇ. ನನ್ನದು ಕೈ ಹೋಯ್ತು, ಅವನದು ಕಣ್ಣು. ಈಗ ಟಿಟ್ವಾಳಾದಲ್ಲಿ ಇದ್ದಾನೆ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ‘ಬಂದೆಯಾ ಪುಕ್ಕಲ’ ಅಂತಾನೆ.”

ಅಪರ್ಣಾ ಮಗುವಿನ ರೆಪ್ಪೆಗಳನ್ನು ನೋಡಿದಳು. ಅವಳನ್ನು ಮಡಿಲಿಗೆಳೆದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅರ್ಧ ಗಂಟೆಗೆ ಸಂದೇಶ ಬಂದ. ನಗುತ್ತಲೇ ಮುಚ್ಚಳ ತಿರುಗಿಸಿ ಮೂಗಿಟ್ಟ. ತಟ್ಟನೆ ಮುಖ ಹಿಂದೆಳೆದುಕೊಂಡ. ಕೂತಲ್ಲಿಗೇ ಅಪರ್ಣಾಳಿಗೂ ವಾಸನೆ ಬಡಿಯಿತು. ಮೂರು ಸಲ ತೊಳೆದ ಟ್ಯಾಂಕು! ಸಂದೇಶ ಒಮ್ಮೆ ಕಡ್ಡಿಯನ್ನು ನೋಡಿದ, ಒಮ್ಮೆ ಹೆಂಡತಿಯ ಮಡಿಲಲ್ಲಿದ್ದ ಮಗಳನ್ನು.

ಅವನು ಬಾಯಿ ತೆರೆಯುವವರೆಗೆ ಅವಳು ಕಾಯಲಿಲ್ಲ. ಒಳಹೋಗಿ ಎರಡೂ ಸಿಲಿಂಡರಿನ ವಾಲ್ವು ತಿರುಗಿಸಿದಳು. ಕಾವಲಿಯ ಮೇಲಿನ ದೋಸೆ ಅರೆಬೆಂದು ನಿಂತಿತು.

“ಅಣ್ಣಾ, ಗ್ಯಾಸ್ ಖತಮ್ ಕ್ಯಾ?” ಟೇಬಲ್ಲಿನಿಂದ ಯಾರೋ ಕೂಗಿದರು.

“ಹಾಂ, ದೋ ಮಿನಿಟ್,” ಎಂದ ಸಂದೇಶ. ಡೀಸೆಲ್ ಕ್ಯಾನನ್ನು ತಾನೇ ಹೊತ್ತು ರಸ್ತೆಯಾಚೆ ಇಟ್ಟುಬಂದ.

ಕಿಟ್ಟಣ್ಣ ಟ್ಯಾಂಕನ್ನು ಗಲ್ಲಿಯ ತುದಿಗೆ ಒಯ್ದು, ಬಿರುಕೂ ಬಾಯಿಯೂ ಮೇಲಾಗುವಂತೆ ಓರೆಯಾಗಿ ನಿಲ್ಲಿಸಿ, ನೀರು ತುಂಬಿದ. ಬಿರುಕಿನ ಕೆಳಗೆ ಹಬೆಗೆ ಒಂದು ಬೆರಳಿನಷ್ಟೇ ಜಾಗ ಉಳಿಯಿತು. ಟೇಪು ಕಿತ್ತು ಬಿರುಕನ್ನು ಒರೆಸಿದ, ಮುಚ್ಚಳ ತೆಗೆದಿಟ್ಟ. ಅದೇ ಜಾತಿಯ ಹಳೇ ಟ್ಯಾಂಕಿನಿಂದ ಕತ್ತರಿಸಿ ತಂದ ಪಟ್ಟಿಯನ್ನು ಬಿರುಕಿನ ಮೇಲಿಟ್ಟು, ಉದ್ದ ವಯರೆಳೆದು ಕಾಯಿಸಿದ ಕಡ್ಡಿ ತಾಗಿಸಿದ. ಬಿಳಿ ಹೊಗೆಯ ಎಳೆ ಎದ್ದಿತು. ರಸ್ತೆಯಾಚೆ ಅಪರ್ಣಾ ಮಗುವಿನ ಒಂದು ಕಿವಿಯನ್ನು ಎದೆಗೊತ್ತಿಕೊಂಡು, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ನಿಂತಿದ್ದಳು.

‘ಟಪ್’ ಎಂದಿತು.

ಅವಳ ಜೀವ ಬಾಯಿಗೆ ಬಂತು. ಕಿಟ್ಟಣ್ಣ ಕೈ ಎತ್ತಿದ, ಕಾದ, ಬಗ್ಗಿ ನೋಡಿದ. “ನೀರಿನ ಗುಳ್ಳೆ!” ಎಂದು ಕೂಗಿ ಹೇಳಿದ. ಹೇಳುವಾಗ ಅವನ ತುಟಿಯೂ ಬಿಳಿಚಿಕೊಂಡಿತ್ತು. ಮತ್ತೆ ಕಡ್ಡಿ ತಾಗಿಸಿದ.

ಸಂದೇಶನ ಎರಡು ನಿಮಿಷ ಒಂದು ಗಂಟೆಯಾಯಿತು. ಬೆಸುಗೆ ತಣಿದ ಮೇಲೆ ಟ್ಯಾಂಕಿಗೆ ಕಂಠದವರೆಗೆ ನೀರು ಹಾಕಿ, ಪೇಪರ್ ಹಾಸಿ ಅದರ ಮೇಲಿಟ್ಟರು. ಮೂವರೂ ಸುತ್ತ ಕುಕ್ಕರುಗಾಲಲ್ಲಿ ಕೂತು ಕಾದರು. ಪೇಪರ್ ಒಣಗಿಯೇ ಇತ್ತು.

“ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ನಾನು ಬಂದ ಮೇಲೆಯೇ ಡೀಸೆಲ್,” ಎಂದ ಕಿಟ್ಟಣ್ಣ. ಆಮೇಲೆ ಅಪರ್ಣಾಳ ಕಡೆ ತಿರುಗಿ, “ಈಗ ಒಲೆ ಹಚ್ಚು ತಂಗಿ.”

ಸಂದೇಶ ಮೊದಲ ಚಹಾವನ್ನು ಅವನಿಗೇ ತಂದುಕೊಟ್ಟ. ಗ್ಲಾಸು ಹಿಡಿದ ಕಿಟ್ಟಣ್ಣನ ಕೈ ನಡುಗಿ, ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. ಇಷ್ಟು ಹೊತ್ತು ಅಲುಗದ ಬಲಗೈ ಈಗ ನಿಲ್ಲುತ್ತಲೇ ಇರಲಿಲ್ಲ. ಸಂದೇಶ ನಗಲಿಲ್ಲ.

ಅಪರ್ಣಾ ಆ ಗ್ಲಾಸನ್ನು ತೆಗೆದುಕೊಂಡು, ದೊಡ್ಡ ಸ್ಟೀಲ್ ಲೋಟದಲ್ಲಿ ಅರ್ಧ ಮಾತ್ರ ಚಹಾ ಹಾಕಿ ಅವನ ಎರಡೂ ಕೈಗೆ ಹಿಡಿಸಿದಳು.

“ಇಷ್ಟು ಕುಡೀರಿ ಕಿಟ್ಟಣ್ಣ. ಉಳಿದದ್ದು ಆಮೇಲೆ ಹಾಕ್ತೇನೆ.”