ಊರಿಗಾಂ ಗೋಡೆಯ ಜವಾಬು

ಕೋಣೆಯಲ್ಲಿ ಇದ್ದವರು ಮೂವರೇ. ನಾನು, ನನ್ನ ಹೆಂಡತಿ ನಿರ್ಮಲಾ, ಮತ್ತೆ ನಾನು ಪಾಠ ಮಾಡುವ ಬಂಗಾರಪೇಟೆಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ಸೆಲ್ವಂ. ಬಿಡಿಬಿಡಿಯಾಗಿ ತಂದ ಕಂಪ್ಯೂಟರನ್ನು ಚಾಪೆಯ ಮೇಲೆ ಹರಡಿಕೊಂಡು ಸೆಲ್ವಂ ಮಧ್ಯಾಹ್ನದಿಂದ ಜೋಡಿಸುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಸ್ವಿಚ್ಚು ಒತ್ತಿದ. ಪರದೆ ಕಪ್ಪಗೇ ಉಳಿಯಿತು. ಡಬ್ಬದೊಳಗಿಂದ ಬೀಪ್, ಬೀಪ್, ಬೀಪ್ ಎಂದು ಮೂರು ಸಲ ಸದ್ದಾಯಿತು. ಅದು ನಿಂತದ್ದೇ ತಡ, ಗೋಡೆಯಿಂದ ಟಕ್, ಟಕ್, ಟಕ್ ಎಂದು ಮೂರು ಸಲ ಕೇಳಿಸಿತು.

ಸೆಲ್ವಂ ನಕ್ಕು ಇನ್ನೊಮ್ಮೆ ಒತ್ತಿದ. ಮತ್ತೆ ಡಬ್ಬ ಮೂರು ಸಲ ಕೂಗಿತು, ಗೋಡೆ ಮೂರು ಸಲ ಜವಾಬು ಕೊಟ್ಟಿತು. ಈ ಸಲ ಅವನು ನಗಲಿಲ್ಲ.

ಗದಗಿನ ನಮ್ಮವರಿಗೆ ಇದು ತಿಳಿಯಬೇಕಾದರೆ ಊರಿಗಾಂ ಮನೆಗಳ ಬಗ್ಗೆ ಹೇಳಬೇಕು. ಇಲ್ಲಿ ಚಿನ್ನದ ಗಣಿಯ ಕಾರ್ಮಿಕರಿಗೆಂದು ಕಟ್ಟಿದ ಮನೆಸಾಲಿಗೆ ಲೈನು ಅನ್ನುತ್ತಾರೆ. ನಾವು ಬಾಡಿಗೆಗಿದ್ದದ್ದು ಅಂಥದೊಂದರಲ್ಲಿ. ಎರಡು ಮನೆಗಳ ನಡುವೆ ಒಂದೇ ಗೋಡೆ. ನಮ್ಮ ಕಡೆಯ ಎರೆನೆಲ ಬೇಸಿಗೆಯಲ್ಲಿ ಬಿರಿದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಬಿರಿಯುವುದು ಕಾಣದ ಆಳದಲ್ಲಿ. ಬಂದ ಹೊಸದರಲ್ಲೇ ಒಂದು ದಿನ ತಟ್ಟೆಗಳು ತಾವಾಗಿ ಜಾರಿದವು. ಲೈನಿನವರೆಲ್ಲ ಬಾಗಿಲಿಗೆ ಬಂದು ಗಣಿಯ ಕಡೆ ಕಿವಿಗೊಟ್ಟು ನಿಂತರು. ಆಳದ ಬಂಡೆ ಒತ್ತಡಕ್ಕೆ ತಾನೇ ಸಿಡಿಯುವುದಕ್ಕೆ ಇವರ ಮಾತು ಏರ್‌ಬ್ಲಾಸ್ಟ್. ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಒಳಗೆ ಹೋಗಿ ಮುದ್ದೆ ತಿರುವಲು ಕೂತರು. ನಿರ್ಮಲಾ ಮಾತ್ರ ಅವತ್ತು ರೊಟ್ಟಿ ಬಡಿಯಲಿಲ್ಲ.

ತಮಿಳು, ತೆಲುಗು ಬೆರೆತ ಇಲ್ಲಿನ ಕನ್ನಡ ಅವಳಿಗೆ ಹತ್ತಲಿಲ್ಲ. ನಲ್ಲಿಯ ಹತ್ತಿರ ಅವಳು "ಹೌದ್ರೀ" ಅಂದರೆ ಹೆಂಗಸರು ಪ್ರೀತಿಯಿಂದಲೇ ನಗುತ್ತಿದ್ದರು. ಅವಳು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಹಿಂದೊಮ್ಮೆ ಹುಬ್ಬಳ್ಳಿಯ ತನ್ನ ತಮ್ಮನ ಮನೆಯಲ್ಲಿ ಕಂಪ್ಯೂಟರಿನ ಕಾರು ಓಡಿಸುವ ಆಟ ಆಡಿ ಗಟ್ಟಿಯಾಗಿ ನಕ್ಕಿದ್ದಳು. ಆ ನಗು ಮತ್ತೆ ಕೇಳಲೆಂದೇ ಈ ಡಬ್ಬ.

ಮರುದಿನ ಪಕ್ಕದ ಮನೆಯ ರಾಜಮ್ಮ ಬಂದರು. ಗೋಡೆ ತಟ್ಟಿದ್ದು ಅವರ ತಂದೆ ಮುನಿಸಾಮಿ ತಾತ. ಗಣಿ ಬಾಯಲ್ಲಿ ಗಂಟೆ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಮಂದಿಯನ್ನು ಇಳಿಸಿ ಹತ್ತಿಸುವ ಕಬ್ಬಿಣದ ಪಂಜರಕ್ಕೆ ಇಲ್ಲಿ ಕೇಜು ಅನ್ನುತ್ತಾರೆ. ಕೆಳಗಿನವರು ಕೇಜು ಹತ್ತಿದರೆ ಮೂರು ಸಲ ಗಂಟೆ ಬಾರಿಸುತ್ತಾರೆ; ಮೇಲಿನವನು ಮೂರು ಸಲ ಬಾರಿಸಿ ಜವಾಬು ಕೊಡಬೇಕು. ಆಮೇಲೆ ಕೆಳಗಿನಿಂದ ಒಂದು ಗಂಟೆ ಬಂದರೆ, ಮೇಲಕ್ಕೆ ಎತ್ತು ಎಂದು. ಎಷ್ಟೋ ವರ್ಷದ ಹಿಂದೆ ತಾತನಿಗೆ ಕೆಳಗಿನಿಂದ ಮೂರು ಬಂತು. ಜವಾಬು ಕೊಟ್ಟರು. ಅಷ್ಟರಲ್ಲಿ ನೆಲ ನಡುಗಿತು. ಆ ಒಂದು ಗಂಟೆ ಬರಲೇ ಇಲ್ಲ. ಕೇಜಿನಲ್ಲಿ ತಾತನ ತಮ್ಮ ಚಿನ್ನಪ್ಪ ಇದ್ದ.

"ನಿನ್ನೆಯಿಂದ ಗೋಡೆ ಬಿಟ್ಟು ಏಳ್ತಿಲ್ಲ ಸಾರ್, ಅನ್ನನೂ ಮುಟ್ಟಿಲ್ಲ," ಎಂದರು ರಾಜಮ್ಮ.

ನಾನು ಹೋಗಿ, ಅದು ಆಟದ ಡಬ್ಬ ತಾತ, ಗಂಟೆಯಲ್ಲ ಎಂದು ಬಿಡಿಸಿ ಹೇಳಿದೆ. ತಾತ ನನ್ನನ್ನೇ ಸಮಾಧಾನ ಮಾಡುವವರ ಹಾಗೆ ತಲೆಯಾಡಿಸಿದರು.

"ಡಬ್ಬ ಆದ್ರೇನು ಸಾಮಿ, ಕೆಳ್ಗೆ ಕೇಜು ಅತ್ತವ್ರೆ. ಇನ್ನೊಂದು ಬರ್ಲಿ, ಏಳ್ತೀನಿ."

ಮೆಮೊರಿ ಸರಿ ಕೂತಿಲ್ಲದಿದ್ದರೆ ಈ ಯಂತ್ರ ಮೂರು ಸಲ ಕೂಗುತ್ತದಂತೆ. ಸೆಲ್ವಂ ಬಂದು ಮೆಮೊರಿಯ ಪಟ್ಟಿಗಳನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದ. ಬೋರ್ಡಿನಲ್ಲಿ ಅವು ಕೂರುವ ಹಲ್ಲುಗಳಿಗೆ ಚಿನ್ನದ ಲೇಪ, ನಾವು ತಂದ ಪಟ್ಟಿಗಳ ಅಂಚಿಗೆ ತವರ. ಎರಡು ಲೋಹ ತಾಗುವಲ್ಲಿ, ಲೈನಿನ ನಡುಕವೂ ಸೇರಿ, ಕಿಲುಬು ಕಟ್ಟುತ್ತದೆ. ಪಟ್ಟಿಗಳು ಜೋಡಿಯಾಗಿಯೂ ಇರಬೇಕು, ವೇಗವೂ ಒಂದೇ ಇರಬೇಕು.

ಹೊಸ ಜೋಡಿ ತರಲು ನಾನು, ನಿರ್ಮಲಾ ಬೆಂಗಳೂರಿಗೆ ಹೋದೆವು. ಅಂಗಡಿಯವನು ಅದೇ ದುಡ್ಡಿಗೆ ಇಮ್ಮಡಿ ಮೆಮೊರಿಯ ಜೋಡಿ ಮುಂದಿಟ್ಟ. ಅದರ ಅಂಚಿಗೂ ತವರವೇ. ಚಿನ್ನದಂಚಿನ ಜೋಡಿ ಚಿಕ್ಕದು. ಕಾರಿನ ಆಟ ಅದರಲ್ಲಿ ತಡೆತಡೆದು ಓಡುತ್ತದೆ ಎಂದು ಅವನೇ ಹೇಳಿದ. ನಿರ್ಮಲಾ ನನ್ನ ಮುಖ ನೋಡಲಿಲ್ಲ. "ಸಣ್ಣದ ಕೊಡ್ರೀ. ಅಜ್ಜ ಉಪವಾಸ ಕುಂತಾರ," ಅಂದಳು.

ಸಂಜೆ ಮನೆಗೆ ಬಂದದ್ದೇ, ಮೊದಲು ಅದರಲ್ಲೊಂದು ಪಟ್ಟಿಯನ್ನು ತಾತನ ಕೈಗೆ ಕೊಟ್ಟಳು. ತಾತ ಹಳದಿ ಅಂಚಿನ ಮೇಲೆ ಹೆಬ್ಬೆರಳಾಡಿಸಿ ಮರಳಿಸಿದರು. ಸೆಲ್ವಂ ಜೋಡಿಯನ್ನು ಕೂರಿಸಿ ಸ್ವಿಚ್ಚು ಒತ್ತಿದ. ಒಂದೇ ಸಲ ಬೀಪ್ ಎಂದಿತು. ಪರದೆಯ ಮೇಲೆ ಮೆಮೊರಿಯ ಅಂಕಿ ಒಂದೇ ಸಮನೆ ಏರತೊಡಗಿತು. ನಾವು ಗೋಡೆ ನೋಡುತ್ತ ಕೂತೆವು. ಸದ್ದಿಲ್ಲ.

ಹೊರಗೆ ಬಂದರೆ ತಾತ ಬಾಗಿಲಲ್ಲಿ ನಿಂತು, ಕೇಜಿನ ಹಗ್ಗ ಎಳೆಯುವ ಗಣಿಯ ಚಕ್ರದ ಕಡೆ ನೋಡುತ್ತಿದ್ದರು. ಅವತ್ತು ಆ ಚಕ್ರ ತಿರುಗುತ್ತಿರಲಿಲ್ಲ. ತಾತನ ಕಣ್ಣು ಮಾತ್ರ ಹಗ್ಗದ ಜೊತೆ ಮೇಲೇರುವಂತೆ ನಿಧಾನವಾಗಿ ಏರಿ, ಒಂದು ಕಡೆ ನಿಂತಿತು.

"ಬಂದ್ರು," ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಮುದ್ದೆ ಇಕ್ಕಮ್ಮಾ. ಇಬ್ರಿಗೂ."

ರಾಜಮ್ಮ ಎರಡು ತಟ್ಟೆ ಹಾಕಿದರು.

ಆಟ ತಡೆತಡೆದೇ ಓಡಿತು. ನಿರ್ಮಲಾ ಹೆಚ್ಚು ಆಡಲಿಲ್ಲ. ಮಧ್ಯಾಹ್ನಗಳಲ್ಲಿ ಪಕ್ಕದ ಮನೆಯಲ್ಲೇ ಇರುತ್ತಿದ್ದಳು. ಊರಿಗೆ ಹೋದಾಗ ಅವಳ ಬಾಯಲ್ಲಿ ಇಲ್ಲಿನ "ಅಂಗೇ" ಕೇಳಿ ಅತ್ತೆ ನಗುತ್ತಿದ್ದರು, ಇಲ್ಲಿ "ಹೌದ್ರೀ"ಗೆ ರಾಜಮ್ಮ ನಗುತ್ತಿದ್ದರು.

ತಾತ ತೀರಿಹೋದ ಮೇಲೆ ನಾವು ಬಂಗಾರಪೇಟೆಗೆ ಮನೆ ಬದಲಿಸಿದೆವು. ಒಂಟಿ ಮನೆ, ಗೋಡೆಯಾಚೆ ಬಯಲು. ಲಾರಿಯಲ್ಲಿ ಕುಲುಕಿ ಬಂದ ಕಂಪ್ಯೂಟರು ಮೊದಲ ಸಂಜೆ ಮೂರು ಸಲ ಕೂಗಿತು. ನಾನು ಸ್ಕ್ರೂಡ್ರೈವರಿಗೆ ಕೈ ಹಾಕಿದೆ. ಅಕ್ಕಿ ಆರಿಸುತ್ತಿದ್ದ ನಿರ್ಮಲಾ ಎದ್ದು ಹೋಗಿ ಗೋಡೆಯನ್ನು ಮೂರು ಸಲ ತಟ್ಟಿ ಬಂದು ಕೂತಳು. ನಾನು ಪಟ್ಟಿಗಳನ್ನು ಒತ್ತಿ ಕೂರಿಸಿ ಮತ್ತೆ ಸ್ವಿಚ್ಚು ಹಾಕಿದೆ. ಒಂದು ಗಂಟೆ ಬಂತು.